ವಿಮಾನಯಾನದ ಪೆಟ್ಟಿಗೆಗೆ ಬೀಗ

ದೇವನಹಳ್ಳಿಯ ಬಳಿ 2008ನೆಯ ಇಸವಿಯ ಮೇ ತಿಂಗಳಲ್ಲಿ ವಿಮಾನ ನಿಲ್ದಾಣವು ತೆರೆದಂದಿನಿಂದ ಚಿಕ್ಕಬಳ್ಳಾಪುರದ ಸೀಮೆಯವರಿಗೆ ವಿಮಾನಯಾನವು ನೆರೆಮನೆಯ ಸಂಗತಿಯಂತಾಗಿದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಎಷ್ಟೋ ಮಂದಿ ತಾಯಂದಿರು ಮಗಳ ಬಾಣಂತನಕ್ಕೆಂದು ಅಮೆರಿಕಾ ದೇಶಕ್ಕೆ ಹೊರಡುತ್ತಾರೆ. ಹಪ್ಪಳ, ಸಾರಿನ ಪುಡಿ, ಕೂಸಿಗೆ ಹಳೆಯ ಸೀರೆಯ ಮೆತ್ತನೆಯ ಬಟ್ಟೆ, ಮಗಳಿಗೊಂದು ರೇಷ್ಮೆಯ ಸೀರೆ, ಅದರ ಮಡಿಕೆಯೊಳಗೆ ಮೊಮ್ಮಗುವಿನ ಚಿನ್ನದ ಸರ, ಎಲ್ಲವನ್ನೂ ತುಂಬಿ, ಕಡೆಯಲ್ಲಿ ದಪ್ಪನೆಯ ಹಿತ್ತಾಳೆಯ ಬೀಗವೊಂದನ್ನು ಜಡಿದು, ಇನ್ನು ಚಿಂತೆಯಿಲ್ಲವೆಂದುಕೊಳ್ಳುವುದುಂಟು. ಈ ನಿಶ್ಚಿಂತೆಯು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸೋಣ.

ನಮ್ಮ ಹಿರಿಯರ ಕಬ್ಬಿಣದ ಟ್ರಂಕಿಗೆ ಬೀಗವೆಂದರೆ ನಿಜವಾಗಿ ಬೀಗವೇ ಆಗಿತ್ತು. ಈಗಿನ ಪೆಟ್ಟಿಗೆಗಳಲ್ಲಿ ಬಹುಪಾಲಿಗೆ ಜಿಪ್ಪೇ ಬಾಗಿಲು. ಜಿಪ್ಪಿನ ಹಲ್ಲುಗಳ ನಡುವೆ ಬಾಲ್‌ಪೆನ್ನಿನ ಮೊನೆಯನ್ನು ಒತ್ತಿದರೆ ಅದು ಬಾಯಿ ಬಿಡುತ್ತದೆ. ಬೀಗದಿಂದ ಕೂಡಿಸಿದ ಹಿಡಿಗಳನ್ನು ಜೊತೆಯಾಗಿಯೇ ಅತ್ತಿತ್ತ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬೀಗವು ಮಾತ್ರ ಹಾಕಿದಂತೆಯೇ ಇರುತ್ತದೆ! ಎತ್ತಿಹಾಕುವಾಗ ಪೆಟ್ಟಿಗೆ ತಾನಾಗಿ ತೆರೆಯದಂತೆಯೂ, ಸುಮ್ಮನೆ ಕೈಯಾಡಿಸುವವರಿಗೆ ಅಡ್ಡಿಯಾಗುವಂತೆಯೂ ಬೀಗವು ನೆರವಾಗುವುದೇ ಹೊರತು ಒಡವೆಯನ್ನು ಕಾಯಲಾರದು. ಆದುದರಿಂದ ಚಿನ್ನ, ಹಣ, ಕಾಗದಪತ್ರಗಳು, ದಿನನಿತ್ಯದ ಔಷಧಿಗಳು ಕೈಚೀಲದಲ್ಲಿಯೇ ಇರತಕ್ಕದ್ದು. ಬೆಲೆಬಾಳುವ ವಸ್ತುಗಳನ್ನು ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಕೂಡದೆಂದು ವಿಮಾನ ಕಂಪನಿಗಳೂ ಸಾಮಾನ್ಯವಾಗಿ ತಮ್ಮ ನಿಬಂಧನೆಗಳಲ್ಲಿ ಹೇಳಿರುತ್ತವೆ.

ದೆಹಲಿ, ಮುಂಬಯಿಗಳಿಗೆ ಹೋಗುವವರಿಗೆ ಯಾವುದಾದರೊಂದು ಚಿಕ್ಕ ಬೀಗ ಸಾಕು. ಅಮೆರಿಕಾದ ಮಾತು ಬೇರೆ. 2001ರ ಸೆಪ್ಟೆಂಬರಿನ ದುರಂತದ ತರುವಾಯ ಅಲ್ಲಿ ಟಿ.ಎಸ್.ಎ. ಎಂಬ ರಕ್ಷಣಾ ಇಲಾಖೆಯು ಸ್ಥಾಪಿತವಾಯಿತು. ಅದರ ಅಧಿಕಾರಿಗಳು ಒಡೆಯರು ಎದುರಿಗಿಲ್ಲದಿದ್ದರೂ ಪೆಟ್ಟಿಗೆಯನ್ನು ತೆರೆದು ನೋಡಬಹುದು. ಬೀಗ ಅಡ್ಡವಾದರೆ ಕತ್ತರಿಸಬಹುದು. ಅದರ ಬೆಲೆಯನ್ನು ಕೊಡುವುದಿಲ್ಲ. ಆ ದೇಶದೊಳಗೆ ವಿಮಾನ ಬದಲಾಯಿಸುವಾಗಲೂ ಹಿಂದಿರುಗುವಾಗಲೂ ಈ ಪ್ರಸಂಗ ಒದಗೀತು. ಅದಕ್ಕಾಗಿ 2003ರಿಂದ ಕೆಂಪು ವಜ್ರಾಕೃತಿಯ ಗುರುತುಳ್ಳ ಬೀಗಗಳು ದೊರೆಯುತ್ತಿವೆ. ಅಂಕಿಗಳಿಂದ ತೆರೆಯುವ ಇಂಥ ಬೀಗದಲ್ಲಿ ಸಣ್ಣದೊಂದು ರಂಧ್ರವೂ ಇರುವುದು. ಅದಕ್ಕೆ ಬೀಗದ ಕೈ ಏಕೆ ಕೊಡಲಿಲ್ಲವೆಂದು ಅಂಗಡಿಯವರೊಡನೆ ವಾದಿಸಬೇಕಾಗಿಲ್ಲ, ಆ ಕೈ ಅಧಿಕಾರಿಗಳ ಬಳಿ ಇರತಕ್ಕದ್ದು. ಇದನ್ನೂ ಅತಿಯಾಗಿ ನಂಬಬಾರದು. 2014ರಲ್ಲಿ ಅಮೆರಿಕಾದ ಪತ್ರಿಕೆಯೊಂದು ಆ ಕೈಗಳ ಛಾಯಾಚಿತ್ರವನ್ನು ಪ್ರಕಟಿಸಿತು. ಮರುವರ್ಷವೇ ಚಿತ್ರ ನೋಡಿ ನಕಲು ಮಾಡಿದವರು ಹೊರಟರು. ಹೀಗಿರುವಲ್ಲಿ ಬೀಗಕ್ಕೆಂದು ಹೆಚ್ಚು ಹಣ ಸುರಿಯುವುದು ನಮಗೆ ಸರಿತೋರುವುದಿಲ್ಲ.

ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕು ಒಪ್ಪಿಸುವ ಪೆಟ್ಟಿಗೆಯಲ್ಲಿರಕೂಡದು. ಯಂತ್ರದ ಪರೀಕ್ಷೆಯಲ್ಲಿ ಅದು ಕಂಡುಬಂದರೆ ಪೆಟ್ಟಿಗೆಯನ್ನು ತೆರೆಸುವರು. ಆಗ ಬೀಗದ ಕೈಯು ಕಳುಹಿಸಲು ಬಂದ ಮಗನ ಜೇಬಿನಲ್ಲಿದ್ದು, ಆತನ ಕಾರು ನಂದಿ ಬೆಟ್ಟವನ್ನು ದಾಟಿದ್ದರೆ ಆ ತಾಯಿಯ ಪಾಡೇನು? ಕೈಯನ್ನು ತಮ್ಮ ಸರದಲ್ಲಿಯೋ ಸೊಂಟದ ಚೀಲದಲ್ಲಿಯೋ ಇಟ್ಟುಕೊಳ್ಳತಕ್ಕದ್ದು.

ಅಂಕಿಯ ಬೀಗವಾದರೆ ಹೊಸದರಲ್ಲಿ ಸಾಮಾನ್ಯವಾಗಿ ಮೂರು ಸೊನ್ನೆಗಳಿಗೆ ತೆರೆಯುತ್ತದೆ; ಅದನ್ನು ಹಾಗೆಯೇ ಬಿಡಬಾರದು. ಹೊಸ ಅಂಕಿ ಕೂಡಿಸಿ, ಖಾಲಿ ಪೆಟ್ಟಿಗೆಗೆ ಹಾಕಿ, ಪ್ರಯಾಣ ಮಾಡುವವರ ಕೈಯಿಂದಲೇ ಮೂರು ಬಾರಿ ತೆರೆಸಿ ನೋಡಬೇಕು. ಕನ್ನಡಕವಿಲ್ಲದೆ ಆ ಅಂಕಿಗಳು ಕಾಣದವರಿಗೆ ಕೀಲಿಯ ಬೀಗವೇ ಲೇಸು. ಕೆಂಪು ಗುರುತಿನವುಗಳಲ್ಲಿ ಅದೂ ಉಂಟು. ಹೊರಗೆ ಕಟ್ಟಿದ ಹೆಸರಿನ ಚೀಟಿ ಹರಿದುಹೋಗುವುದು ಸಾಮಾನ್ಯವಾದುದರಿಂದ, ಮಗಳ ಮನೆಯ ವಿಳಾಸವನ್ನು ಬರೆದ ಇನ್ನೊಂದು ಚೀಟಿಯನ್ನು ಪೆಟ್ಟಿಗೆಯೊಳಗೆ ಬಟ್ಟೆಗಳ ಮೇಲೆಯೂ ಇಡಿರಿ.