ಮನೆಯ ಮಾತು, ಮಗುವಿನ ಅಕ್ಷರ

ಶಿವಾಜಿನಗರದ ನಮ್ಮ ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬರು ಕಳೆದ ಮಳೆಗಾಲದ ಒಂದು ಸಂಜೆ ಮ್ಲಾನವದನರಾಗಿ ನನ್ನೆದುರು ಬಂದು ಕುಳಿತರು. ಧಾರವಾಡದ ಕಡೆಯವರು. ಅವರ ಐದೂವರೆ ವರ್ಷದ ಮಗಳಿಗೆ ಶಾಲೆಯಲ್ಲಿ ಅಕ್ಷರ ಹತ್ತುತ್ತಿಲ್ಲ. ಮಗು ಎರಡು ಮೂರು ಭಾಷೆಗಳ ನಡುವೆ ಗೊಂದಲಕ್ಕೀಡಾಗಿದೆ, ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿ ಎಂಬುದು ಶಿಕ್ಷಕಿಯ ಸಲಹೆ. “ಸರ್, ಮೊಮ್ಮಗಳ ಕೂಡ ಮಾತಾಡಬ್ಯಾಡ ಅಂತ ಅವ್ವಗ ಹೆಂಗ ಹೇಳ್ಲಿ?” ಎಂದರು. ಆ ಅಜ್ಜಿಗೆ ಕನ್ನಡವಲ್ಲದೆ ಬೇರೆ ಮಾತು ಬಾರದು.

ಹೊರನಾಡಿನ ಕನ್ನಡಿಗರಲ್ಲಿ ಈ ಸಲಹೆಯನ್ನು ಕೇಳದ ಮನೆ ವಿರಳ. ಕೊಡುವವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಆದರೆ ಸಲಹೆ ಮಾತ್ರ ತಪ್ಪು. ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಮಗುವಿಗೆ ಭಾಷಾದೋಷ ಉಂಟಾಗುವುದಿಲ್ಲ. ನಿಜವಾದ ದೋಷವಿದ್ದರೆ ಅದು ಮಗು ಆಡುವ ಎಲ್ಲ ಭಾಷೆಗಳಲ್ಲಿಯೂ ತೋರುತ್ತದೆ. ಶಾಲೆಯ ಭಾಷೆಯೊಂದರಲ್ಲಿ ಮಾತ್ರ ತೋರುವುದು ಬಹುಮಟ್ಟಿಗೆ ಬಳಕೆಯ ಕೊರತೆ. ಇವೆರಡನ್ನು ಬೇರ್ಪಡಿಸಿ ನೋಡಬಲ್ಲವರು ವಾಕ್ ಮತ್ತು ಭಾಷಾ ಚಿಕಿತ್ಸಕರು.

ಈ ಚಿಕಿತ್ಸಕರೆಂದರೆ ತೊದಲು ತಿದ್ದುವವರು ಎಂಬ ಭಾವನೆ ನಮ್ಮಲ್ಲಿದೆ. ಅವರ ಕಾರ್ಯಕ್ಷೇತ್ರ ಅದಕ್ಕಿಂತ ವಿಶಾಲವಾದುದು. ಓದು ಕಣ್ಣಿನಿಂದ ಆರಂಭವಾಗುವುದಿಲ್ಲ, ಕಿವಿಯಿಂದ ಆರಂಭವಾಗುತ್ತದೆ. ‘ಹೂವು’, ‘ಹಾವು’ಗಳ ಪ್ರಾಸವನ್ನು ಗುರುತಿಸುವುದು, ‘ತರಕಾರಿ’ಯನ್ನು ನಾಲ್ಕು ಚಪ್ಪಾಳೆಗಳಲ್ಲಿ ಬಿಡಿಸುವುದು, ಕೇಳಿದ ಕಥೆಯನ್ನು ಕ್ರಮತಪ್ಪದೆ ಮರಳಿ ಹೇಳುವುದು, ಇವೆಲ್ಲ ಅಕ್ಷರಕ್ಕೆ ಮೊದಲಿನ ಪಾಠಗಳು. ಚಿಕಿತ್ಸಕರು ಮೊದಲು ಶ್ರವಣಶಕ್ತಿಯನ್ನು ಪರೀಕ್ಷಿಸುತ್ತಾರೆ ಅಥವಾ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳುತ್ತಾರೆ. ಬಳಿಕ ಮಗುವಿನ ಪದಸಂಪತ್ತು, ಗ್ರಹಿಕೆ, ಧ್ವನಿಪ್ರಜ್ಞೆಗಳನ್ನು ಅಳೆದು, ಆಟದ ಮೂಲಕ ಅವನ್ನು ಬೆಳೆಸುವ ಬಗೆಯನ್ನು ತಂದೆತಾಯಿಗಳಿಗೂ ಶಿಕ್ಷಕರಿಗೂ ಕಲಿಸುತ್ತಾರೆ.

ಈ ವಿದ್ಯೆಯಲ್ಲಿ ಕನ್ನಡನಾಡು ಹಿಂದುಳಿದಿಲ್ಲವೆಂಬುದು ಅಭಿಮಾನದ ಸಂಗತಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿಯೇ ಸ್ಥಾಪನೆಯಾಯಿತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಪ್ರತಿಭಾ ಕಾರಂತರು ಭಾರತೀಯ ಲಿಪಿಗಳ ಓದನ್ನು ಕುರಿತು ಮೌಲಿಕ ಸಂಶೋಧನೆ ನಡೆಸಿದರು. ಬೆಂಗಳೂರಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡದ ಅಕ್ಷರಗಳನ್ನು ಪೂರ್ಣವಾಗಿ ವಶಪಡಿಸಿಕೊಳ್ಳಲು ಮಕ್ಕಳಿಗೆ ಒಂದೆರಡು ವರ್ಷ ಸಾಲದು. ಆ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿನ ಗಡುವನ್ನು, ಗುಣಿತ ಒತ್ತಕ್ಷರಗಳ ನಮ್ಮ ಲಿಪಿಗೆ ವಿಧಿಸಿ ಮಗುವನ್ನು ದಡ್ಡನೆನ್ನುವುದು ಅನ್ಯಾಯ.

ಪುಣೆಯಲ್ಲಿ ಇನ್ನೊಂದು ತೊಡಕುಂಟು. ಮರಾಠಿಯ ಬರಹದಲ್ಲಿ ಹ್ರಸ್ವ ಎ, ಒಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಅದನ್ನು ಮೊದಲು ಕಲಿತ ನಮ್ಮ ಮಗು ‘ಕೊಡು’ ಎಂಬಲ್ಲಿ ‘ಕೋಡು’ ಎಂದು ಬರೆದೀತು. ಬರೆದ ‘ರಾಮ’ವನ್ನು ಮರಾಠಿಯಲ್ಲಿ ‘ರಾಮ್’ ಎಂದು ಓದುವ ಕಾರಣ ಕನ್ನಡದಲ್ಲಿಯೂ ಕೊನೆಯ ಸ್ವರವನ್ನು ನುಂಗೀತು. ಇವು ರೋಗಲಕ್ಷಣಗಳಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಕಾಲಿಗಂಟಿದ ಮಣ್ಣು. ಎರಡೂ ಲಿಪಿಗಳನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ, ಒಂದನ್ನೇ ಬಲ್ಲವರಿಗೆ ತಿಳಿಯದು.

ಸಹೋದ್ಯೋಗಿಯ ಮಗಳ ಕಥೆಗೆ ಮರಳುತ್ತೇನೆ. ಅವರು ಕಂಡ ಚಿಕಿತ್ಸಕಿ ಮರಾಠಿ ಭಾಷಿಕರು. ಆದರೂ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಂದೆಯಿಂದ ಅರ್ಥ ಹೇಳಿಸಿಕೊಂಡು, ಕನ್ನಡದಲ್ಲಿಯೂ ಪರೀಕ್ಷೆ ನಡೆಸಿದರು. ಕಿವಿ ಸರಿಯಾಗಿತ್ತು. ಆದರೆ ಪದಗಳನ್ನು ಧ್ವನಿಗಳಾಗಿ ಬಿಡಿಸುವ ಕಷ್ಟ ಎರಡೂ ಭಾಷೆಗಳಲ್ಲಿ ಕಂಡಿತು. ಅಂದರೆ ತೊಂದರೆ ಇದ್ದದ್ದು ನಿಜ, ಅದಕ್ಕೆ ಕನ್ನಡ ಕಾರಣವೆಂಬುದು ಸುಳ್ಳು. ಕನ್ನಡವನ್ನು ನಿಲ್ಲಿಸಿದ್ದರೆ ಮಗುವಿನ ಕೈಯಲ್ಲಿದ್ದ ಒಂದೇ ಊರುಗೋಲನ್ನೂ ಕಸಿದಂತಾಗುತ್ತಿತ್ತು. ಈಗ ಅಜ್ಜಿಯ ಒಗಟು, ಶಿಶುಪ್ರಾಸಗಳೇ ಮನೆಪಾಠ. ಮಗು ನಿಧಾನವಾಗಿ ಓದುತ್ತಿದೆ, ಪವಾಡವೇನೂ ನಡೆದಿಲ್ಲ.

ಇಲ್ಲಿ ಸಂಘದ ಕರ್ತವ್ಯವೂ ಇದೆ. ಮಗುವಿನ ಕಷ್ಟವನ್ನು ಕನ್ನಡಪ್ರೇಮದ ಮರೆಯಲ್ಲಿ ಮುಚ್ಚಿಡುವುದು, ಕನ್ನಡವನ್ನೇ ದೂರುವುದರಷ್ಟೇ ಕೆಟ್ಟದ್ದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಲ್ಲಿ ವಾಕ್ ಮತ್ತು ಭಾಷಾ ದೋಷವೂ ನಿರ್ದಿಷ್ಟ ಕಲಿಕಾ ದೋಷವೂ ಸೇರಿವೆ, ನಾಚಿಕೆಪಡುವ ಕಾರಣವಿಲ್ಲ. ನಗರದಲ್ಲಿ ಕನ್ನಡ ಬಲ್ಲ ಚಿಕಿತ್ಸಕರು ಯಾರಿದ್ದಾರೆಂಬ ಪಟ್ಟಿ ಸಂಘದಲ್ಲಿ ದೊರೆಯಲಿ. ಅವರಿಲ್ಲದೆಡೆ ದುಭಾಷಿಗಳಾಗಿ ನಮ್ಮ ನಿವೃತ್ತ ಹಿರಿಯರು ಮುಂದೆ ಬರಲಿ. ಭಾನುವಾರದ ಕನ್ನಡ ತರಗತಿಗಳು ‘ಅ, ಆ’ಗಳನ್ನು ನೂರು ಸಲ ತಿದ್ದಿಸುವುದರ ಬದಲು ಕಥೆಯಿಂದ, ಪ್ರಾಸದಿಂದ ಆರಂಭವಾಗಲಿ.

ರಾಜ್ಯೋತ್ಸವದ ವೇದಿಕೆಯಲ್ಲಿ ನಾವು ವರ್ಷಕ್ಕೊಮ್ಮೆ ಕನ್ನಡವನ್ನು ಉಳಿಸುವ ಮಾತಾಡುತ್ತೇವೆ. ದಿನವೂ ಅದನ್ನು ಉಳಿಸುವವಳು ಮೊಮ್ಮಗಳಿಗೆ ಕಥೆ ಹೇಳುವ ಅಜ್ಜಿ. ಅವಳನ್ನು ಸುಮ್ಮನಾಗಿಸುವ ಸಲಹೆ ಯಾರಿಂದ ಬಂದರೂ, ಒಪ್ಪುವ ಮೊದಲು ಬಲ್ಲವರನ್ನು ಕೇಳೋಣ.