ಬ್ಯಾರಕ್ಕಿನೊಳಗಿನ ಇನ್ನೊಂದು ಸರ್ಕಾರ

ಜೈಲಿಗೆ ಹೊಸದಾಗಿ ಬಂದವನಿಗೆ ಮೊದಲ ರಾತ್ರಿ ಎದುರಾಗುವ ಪ್ರಶ್ನೆ: ಚಾಪೆ ಎಲ್ಲಿ ಹಾಸಲಿ? ಕಿಟಕಿಯ ಬದಿ ಯಾರಿಗೆ, ಶೌಚಾಲಯದ ಬಾಗಿಲ ಪಕ್ಕ ಯಾರಿಗೆ ಎಂದು ತೀರ್ಮಾನಿಸುವವನು ಬಹಳ ಕಡೆ ಹಳೆಯ ಕೈದಿ. ಯಾರ ಮಾತು ನಡೆಯುತ್ತದೆಂಬುದು ಹೊಸಬನಿಗೆ ಅಲ್ಲೇ ತಿಳಿದುಹೋಗುತ್ತದೆ. ಬೀಡಿ ಬೇಕೆಂದರೂ, ಮನೆಗೆ ಫೋನ್ ಮಾಡಬೇಕೆಂದರೂ, ಹೊಡೆತದಿಂದ ಪಾರಾಗಬೇಕೆಂದರೂ ಮುಂದೆ ಅವನನ್ನೇ ಕೇಳಬೇಕು.

2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಿಂದ ಹೊರಬಿದ್ದ ಫೋಟೊ ನೆನಪಿದೆಯಲ್ಲ. ಹುಲ್ಲುಹಾಸು, ಕುರ್ಚಿಗಳು, ವಿಚಾರಣಾಧೀನ ಕೈದಿಯಾಗಿದ್ದ ನಟ ದರ್ಶನ್ ಕೈಯಲ್ಲಿ ಸಿಗರೇಟು, ಮಗ್ಗು. ನಾಡೆಲ್ಲ ನಟನನ್ನು ನೋಡಿತು. ಜೊತೆಗೆ ಕೂತಿದ್ದ ರೌಡಿಶೀಟರ್ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ನಟನನ್ನು ಬಳ್ಳಾರಿಗೆ ಕಳಿಸಿದರು, ಸಿಬ್ಬಂದಿ ಅಮಾನತಾದರು. 2025ರ ನವೆಂಬರ್‌ನಲ್ಲಿ ಅದೇ ಜೈಲಿನಿಂದ ಮತ್ತೆ ಮೊಬೈಲು, ಟಿವಿಗಳ ವಿಡಿಯೊ ಬಂತು. ಅಲ್ಲಿನ ವಿಶೇಷ ಸವಲತ್ತಿನ ಬಗ್ಗೆ ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ವರದಿ ಕೊಟ್ಟದ್ದು 2017ರಲ್ಲೇ. 2023ರ ಜನವರಿಯಲ್ಲಂತೂ ಕೇಂದ್ರ ಸಚಿವ ನಿತಿನ್ ಗಡ್ಕರಿಯವರ ನಾಗಪುರದ ಕಚೇರಿಗೆ ಬಂದ ಬೆದರಿಕೆ ಕರೆಯ ಜಾಡು ಬೆಳಗಾವಿಯ ಹಿಂಡಲಗಾ ಜೈಲಿಗೆ ಬಂದು ನಿಂತಿತು.

ಜೈಲಿನೊಳಗೆ ಕೈದಿಗಳದೇ ಆಳ್ವಿಕೆ ಬೆಳೆದರೆ ಅದು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಬ್ರೆಜಿಲ್ ನಮ್ಮ ಕಣ್ಣೆದುರಿಗಿದೆ. 1992ರ ಅಕ್ಟೋಬರ್ 2ರಂದು ಸಾವೊ ಪಾಲೊದ ಕರಂಡಿರು ಜೈಲಿಗೆ ನುಗ್ಗಿದ ಪೊಲೀಸರ ಕಾರ್ಯಾಚರಣೆಯಲ್ಲಿ 111 ಕೈದಿಗಳು ಸತ್ತರು. ಮರುವರ್ಷ ಟೌಬಾಟೆ ಜೈಲಿನಲ್ಲಿ ಬೆರಳೆಣಿಕೆಯ ಕೈದಿಗಳು ಪಿಸಿಸಿ ಎಂಬ ಕೂಟ ಕಟ್ಟಿದರು. ಅದು ಬೆಳೆದದ್ದು ಬರೀ ಚಾಕುವಿನಿಂದಲ್ಲ. ಬ್ಯಾರಕ್ಕಿನಲ್ಲಿ ಅತ್ಯಾಚಾರ ನಿಷೇಧಿಸಿತು, ಜಗಳಗಳ ಪಂಚಾಯ್ತಿ ಮಾಡಿತು, ಸದಸ್ಯರಿಂದ ಚಂದಾ ಎತ್ತಿ ಕೈದಿಗಳನ್ನು ಕಾಣಲು ಬರುವ ಮನೆಯವರಿಗೆ ಬಸ್ಸು ಮಾಡಿಕೊಟ್ಟಿತು. ಸರ್ಕಾರ ಮಾಡಬೇಕಿದ್ದ ಕೆಲಸಗಳವು. 2006ರ ಮೇನಲ್ಲಿ ಅದರ ನಾಯಕರನ್ನು ಬೇರೆ ಜೈಲಿಗೆ ಸಾಗಿಸಿದ್ದೇ ತಡ, 70ಕ್ಕೂ ಹೆಚ್ಚು ಜೈಲುಗಳು ಒಮ್ಮೆಗೇ ದಂಗೆ ಎದ್ದವು. ಬೀದಿಯಲ್ಲಿ ಪೊಲೀಸರ ಮೇಲೆ ದಾಳಿಯಾಯಿತು, ಬಸ್ಸುಗಳು ಹೊತ್ತಿ ಉರಿದವು, ಸಾವೊ ಪಾಲೊದಂಥ ದೊಡ್ಡ ನಗರ ಬಾಗಿಲು ಹಾಕಿತು.

ನಮ್ಮಲ್ಲಿ ಅಂಥ ಕೂಟ ಹುಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಅದು ಹುಟ್ಟುವ ಮಣ್ಣು ಮಾತ್ರ ಹದವಾಗಿದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 100 ಜನರ ಜಾಗದಲ್ಲಿ 131 ಮಂದಿ ಇದ್ದರು. ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಜಾಮೀನಿಗೆ ಶ್ಯೂರಿಟಿ ಸಿಗದೆ ಒಳಗೇ ಉಳಿದ ಇಪ್ಪತ್ತರ ಹುಡುಗ ಗ್ಯಾಂಗಿನ ನೆರಳು ಸೇರುವುದು ಹೊಟ್ಟೆ ಮತ್ತು ಜೀವದ ಭಯಕ್ಕೆ. ಹೊರಗೆ ಬಂದ ಮೇಲೂ ಆ ಋಣ ತೀರುವುದಿಲ್ಲ.

ಜಾಮರ್ ಹಾಕಿ, ಮೊಬೈಲ್ ಹಿಡಿದು, ಕೈದಿಗಳನ್ನು ಊರಿಂದೂರಿಗೆ ಸಾಗಿಸಿದರೆ ಇದು ನಿಲ್ಲದು. ಮನೆಗೆ ಮಾತಾಡಲು ಕಾನೂನುಬದ್ಧ ಫೋನು ಪ್ರತಿಯೊಬ್ಬನಿಗೂ ಸರದಿಯಂತೆ ಸಿಕ್ಕರೆ ಕದ್ದು ತಂದ ಮೊಬೈಲಿನ ಬಾಡಿಗೆ ವ್ಯಾಪಾರ ತಾನಾಗಿ ಕುಸಿಯುತ್ತದೆ. ಕೈದಿಗಳು ತಮ್ಮ ಬದುಕನ್ನು ತಾವೇ ನೋಡಿಕೊಳ್ಳಬಾರದೆಂದಲ್ಲ. 1990ರ ದಶಕದಲ್ಲಿ ದೆಹಲಿಯ ತಿಹಾರ ಜೈಲಿನ ಮುಖ್ಯಸ್ಥೆಯಾಗಿದ್ದ ಕಿರಣ್ ಬೇಡಿ ಅಲ್ಲಿ ಕೈದಿಗಳದೇ ಪಂಚಾಯ್ತಿ ಮಾಡಿಸಿದ್ದರು. ಆದರೆ ಮೇಲೆ ಕಾನೂನಿನ ಕಣ್ಣು ಇರಬೇಕು. ಅದೇ ತಿಹಾರದಲ್ಲಿ 2023ರ ಮೇನಲ್ಲಿ ಕೈದಿಯೊಬ್ಬನನ್ನು ಎದುರಾಳಿಗಳು ಕಾವಲಿನವರ ಕಣ್ಣೆದುರೇ ಇರಿದರು.

ಇಂದು ರಾತ್ರಿ ಪರಪ್ಪನ ಅಗ್ರಹಾರದ ಪ್ರತಿ ಬ್ಯಾರಕ್ಕಿನಲ್ಲಿ ಚಾಪೆಯ ಜಾಗ ಹಂಚುವವರು ಯಾರು? ಬಂದೀಖಾನೆ ಇಲಾಖೆ ಇದಕ್ಕೆ ಲಿಖಿತ ಉತ್ತರ ಕೊಡಲಿ.