ತೂಕ ಇಳಿಸುವ ಕೊರಿಯಾದ ಕಷಾಯ: ಗಿಡಮೂಲಿಕೆಯೆಂದರೆ ನಿರಪಾಯವೇ?

ದಕ್ಷಿಣ ಕೊರಿಯಾದಲ್ಲಿ ಮೈ ಇಳಿಸಿಕೊಳ್ಳಲು ನಾಡವೈದ್ಯರ ಬಳಿಗೆ ಹೋಗುವುದು ಸಾಮಾನ್ಯ ಸಂಗತಿ. 'ಹನುಇಸಾ' ಎಂಬ ಈ ವೈದ್ಯರು ಕಾಲೇಜಿನಲ್ಲಿ ಓದಿ ಸರಕಾರದ ಪರವಾನಗಿ ಪಡೆದವರು. ಬಸ್‌ಸ್ಟ್ಯಾಂಡಿನಲ್ಲಿ ಬೇರು ಮಾರುವವರಲ್ಲ. ಅವರು ಕೊಡುವ 'ಡಯಟ್ ಕಷಾಯ'ಗಳಲ್ಲಿ ಹೆಚ್ಚಾಗಿ ಇರುವುದು 'ಮಾಹ್ವಾಂಗ್', ಅಂದರೆ ಎಫೆಡ್ರಾ ಗಿಡದ ಒಣಗಿದ ಕಡ್ಡಿ.

ಮೂಲದಲ್ಲಿ ಇದು ನೆಗಡಿ ಮತ್ತು ದಮ್ಮಿನ ಮದ್ದು. ಇದರ ಸಾರವಾದ ಎಫೆಡ್ರಿನನ್ನು ಜಪಾನಿನ ನಾಗಾಯ್ ನಾಗಯೋಶಿ 1885ರಲ್ಲಿ ಬೇರ್ಪಡಿಸಿದರು. ಅದು ಶ್ವಾಸನಾಳವನ್ನು ಹಿಗ್ಗಿಸುತ್ತದೆ, ನರಗಳನ್ನು ಕೆರಳಿಸುತ್ತದೆ, ಹಸಿವನ್ನು ಅಡಗಿಸುತ್ತದೆ. ದಮ್ಮಿನ ರೋಗಿಗೆ ಅಡ್ಡಪರಿಣಾಮವಾದದ್ದೇ ತೂಕ ಇಳಿಸುವವರಿಗೆ ಮದ್ದಾಗಿದೆ. ಆದರೆ ಹಸಿವಿನೊಂದಿಗೆ ನಿದ್ದೆಯೂ ಹೋಗುತ್ತದೆ. ಎದೆ ಡವಗುಟ್ಟುವುದು, ಬಾಯಿ ಒಣಗುವುದು, ಕೈ ನಡುಗುವುದು, ರಕ್ತದೊತ್ತಡ ಏರುವುದು ಇವೆಲ್ಲ ಅದರ ಬೆನ್ನಿಗೇ ಬರುತ್ತವೆ. ಹೃದಯ ದುರ್ಬಲವಿದ್ದವರಲ್ಲಿ ಪಾರ್ಶ್ವವಾಯುವಿನ ಭಯವೂ ಇದೆ.

ಲಾಭವೆಷ್ಟು? ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಎಫೆಡ್ರಾ ಅಥವಾ ಎಫೆಡ್ರಿನ್‌ನಿಂದ ಇಳಿದ ಹೆಚ್ಚುವರಿ ತೂಕ ತಿಂಗಳಿಗೆ ಸುಮಾರು 0.9 ಕಿಲೋ. ಮನಸ್ಸಿನ ಕಳವಳ, ಹೊಟ್ಟೆಯ ತೊಂದರೆ, ಎದೆಬಡಿತದಂಥ ದೂರುಗಳ ಸಂಭವ ಮಾತ್ರ 2ರಿಂದ 3 ಪಟ್ಟಿಗೂ ಮೇಲೆ. ಒಂದು ಕಿಲೋಗೂ ಕಡಿಮೆ ತೂಕಕ್ಕೆ ತೆರುವ ಬೆಲೆ ಇದು! ಅದೇ ವರ್ಷ ಎಫೆಡ್ರಾ ಮಾತ್ರೆ ಸೇವಿಸುತ್ತಿದ್ದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ 23ರ ಪ್ರಾಯದಲ್ಲಿ ಸತ್ತರು. 2004ರಲ್ಲಿ ಅಮೆರಿಕ ಆಹಾರಪೂರಕಗಳಲ್ಲಿ ಎಫೆಡ್ರಾವನ್ನು ನಿಷೇಧಿಸಿತು.

ಕೊರಿಯಾದಲ್ಲೂ ಇದನ್ನು ಆಹಾರದಲ್ಲಿ ಬೆರೆಸುವಂತಿಲ್ಲ, ಮದ್ದಾಗಿ ಕೊಡಬಹುದು. ವೈದ್ಯರು ನಾಡಿ ಹಿಡಿದು, ಪ್ರಮಾಣ ನೋಡಿ ಕೊಡುತ್ತಾರೆಂಬುದು ಇದಕ್ಕಿರುವ ಸಮರ್ಥನೆ. ಇದನ್ನು ತಳ್ಳಿಹಾಕಲಾಗದು, ಅಂಗಡಿಯ ಮಾತ್ರೆಗಿಂತ ಇದು ಮೇಲು. ತೊಡಕು ಇರುವುದು ಬೇರೆಡೆ. ಹತ್ತು ಪ್ರಾಚೀನ ಗ್ರಂಥಗಳಲ್ಲಿರುವ ಔಷಧಯೋಗಗಳನ್ನು ಕಂಪೆನಿಗಳು ತಯಾರಿಸುವಾಗ ಸುರಕ್ಷತೆಯ ಹೊಸ ಪುರಾವೆ ಕೊಡುವುದರಿಂದ ಅಲ್ಲಿ ವಿನಾಯಿತಿ ಇದೆ. ತೂಕಕ್ಕೆ ಪ್ರಸಿದ್ಧವಾದ 'ತೇಉಮ್‌ಜೋವಿ ತಾಂಗ್' ಇಂಥದೊಂದು ಗ್ರಂಥದ್ದು, ಲೀ ಜೆ-ಮಾ 1894ರಲ್ಲಿ ಬರೆದದ್ದು. ಅವರು ಅದನ್ನು ಹೇಳಿದ್ದು ಶೀತಬಾಧೆಯ ರೋಗಿಗೆ. ಈಗ ಕುಡಿಯುತ್ತಿರುವವರು ಬೇರೆ ಕಾಯಿಲೆಯಿಲ್ಲದ ಯುವತಿಯರು, ಅದೂ ತಿಂಗಳುಗಟ್ಟಲೆ. ಇಂಥ ಬಳಕೆಗೆ ಹಳೆಯ ಗ್ರಂಥ ಹೇಗೆ ಸಾಕ್ಷಿಯಾದೀತು?

ಕಷಾಯದ ಪೊಟ್ಟಣ ಮನೆಗೆ ಬಂದ ಮೇಲೆ ಅದೇ ದಿನ ಎರಡು ಲೋಟ ಕಾಫಿ, ಸೂಡೊಎಫೆಡ್ರಿನ್ ಇರುವ ನೆಗಡಿ ಮಾತ್ರೆ ಹೊಟ್ಟೆಗೆ ಹೋದರೆ ಎದೆಯ ಮೇಲೆ ಮೂರು ಕಡೆಯಿಂದ ಒತ್ತಡ. ಇಂಗ್ಲಿಷ್ ಮದ್ದಿನ ಡಾಕ್ಟರಿಗೆ ಕಷಾಯದ ವಿಷಯ ಹೇಳದಿದ್ದರೆ ಎದೆಬಡಿತದ ಕಾರಣ ಅವರಿಗೆ ಹೊಳೆಯುವುದೂ ಕಷ್ಟ.